ಹಾಳೆಯ ಹಿಂದೆ ಬರೆದ ಸೋಲು

ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಹಿತುಕಿ ಸಿಪ್ಪೆ ತೆಗೆದೆ. ತುಳಸಿಗೆ ನೀರು ಹಾಕಿ, ಎರಡು ಬಕೆಟ್ ಬಟ್ಟೆ ಒಣಹಾಕಿದೆ. ಗ್ಯಾಸಿನವನು ಬಂದು ಹೋದ. ಆಮೇಲೆ ನಮ್ಮ ಮನೆಯವರು ನಿನ್ನೆ ತಂದಿಟ್ಟಿದ್ದ ಹೊಸ ಕ್ಯಾಲೆಂಡರನ್ನು, ದಿನಕ್ಕೊಂದು ಹಾಳೆ ಹರಿಯುವಂಥದ್ದನ್ನು, ಅಡುಗೆಮನೆ ಬಾಗಿಲ ಪಕ್ಕದ ಹಳೇ ಮೊಳೆಗೆ ತೂಗುಹಾಕಿದೆ. ಹೊಸ ಹಾಳೆಗಳಿಂದ ಶಾಯಿ ಮತ್ತು ಅಂಟಿನ ವಾಸನೆ ಬಂತು. ಕೈ ತಾನಾಗಿಯೇ ಮೇಲಿನ ಹಾಳೆಯನ್ನೆತ್ತಿ ಅದರ ಬೆನ್ನು ನೋಡಿತು. ಏನೂ ಇರಲಿಲ್ಲ. ಇರುವುದಾದರೂ ಹೇಗೆ… ಬರೆಯುವವರು ಹೋಗಿ ಎಷ್ಟೋ ವರ್ಷವಾಯಿತು.

ಅವರು ನಮ್ಮ ಮೇಲಿನ ಮನೆಯ ಮೇಷ್ಟ್ರು. ಜಯನಗರದ ಒಂದು ಹೈಸ್ಕೂಲಿನಲ್ಲಿ ಆಟ ಕಲಿಸಿ ನಿವೃತ್ತರಾಗಿ, ನಾವು ಬನಶಂಕರಿಗೆ ಬಾಡಿಗೆಗೆ ಬಂದ ವರ್ಷವೇ ಅವರೂ ಬಂದಿದ್ದರು. ಎತ್ತರದ ಆಳು. ಮನೆಯೊಳಗೂ ಕ್ಯಾನ್ವಾಸ್ ಶೂ. ಪ್ರತಿ ಹೊಸ ವರ್ಷದ ಮೊದಲ ವಾರ ಜೇಬಿನಲ್ಲಿ ಪೆನ್ಸಿಲ್ ಇಟ್ಟುಕೊಂಡು ಕೆಳಗಿಳಿದು ಬರುತ್ತಿದ್ದರು. ನಮ್ಮ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಊಟದ ಮೇಜಿನ ಮೇಲಿಟ್ಟುಕೊಂಡು, ಆ ವರ್ಷ ಯಾವ ಯಾವ ಆಟದಲ್ಲಿ ಏನೇನಾಗುತ್ತದೆ ಎಂದು ಆಯಾ ದಿನದ ಹಾಳೆಯ ಹಿಂದೆ ಬರೆಯುತ್ತಿದ್ದರು. ಪಂದ್ಯಗಳ ಪಟ್ಟಿ ಪೇಪರಿನಲ್ಲಿ ತಡವಾಗಿ ಬಂದರೆ, ಆಗ ಇನ್ನೊಂದು ಸಲ ಬಂದು ಬರೆಯುವರು.

ನಿಮ್ಮ ಮನೆಯಲ್ಲೂ ಕ್ಯಾಲೆಂಡರ್ ಇದೆಯಲ್ಲ ಎಂದು ಮೊದಲ ವರ್ಷ ಕೇಳಿದ್ದೆ. "ನಮ್ಮನೇಲಿದ್ರೆ ನಾನೇ ತಿದ್ದಿಬಿಡ್ತೀನಮ್ಮಾ. ನನ್ನ ಮೇಲೆ ನಂಗೇ ನಂಬಿಕೆ ಇಲ್ಲ" ಎಂದಿದ್ದರು. ದಿನ ಕಳೆಯುವ ಮೊದಲು ಯಾರೂ ಹಾಳೆ ತಿರುಗಿಸಬಾರದು ಎಂಬುದೊಂದೇ ನಿಯಮ. ಮರುದಿನ ಬೆಳಿಗ್ಗೆ ನಾನು ನಿನ್ನೆಯ ಹಾಳೆ ಹರಿದು ಇಡಬೇಕು. ಅವರು ಪೇಪರ್ ಹಿಡಿದು ಬರುವರು, ನಾನು ಓದಬೇಕು, ಅವರು ಅರ್ಧ ಲೋಟ ಕಾಫಿ ಕುಡಿಯಬೇಕು.

ಹಾಕಿ ಪಂದ್ಯವಿದ್ದ ದಿನದ ಹಾಳೆಯ ಹಿಂದೆ, 'ಮೊದಲು ಗೋಲು ಹೊಡೆಯುತ್ತೇವೆ, ಆಮೇಲೆ ನಿದ್ದೆ ಮಾಡುತ್ತೇವೆ.' ಟೆನಿಸ್ ಫೈನಲ್ಲಿನ ಹಿಂದೆ, 'ಹಳಬ ಗೆಲ್ಲುತ್ತಾನೆ. ಹೊಸಬನಿಗೆ ಸಿಟ್ಟು ಜಾಸ್ತಿ.' ಕಬಡ್ಡಿಗೆ ಒಂದು ಹಾಳೆ ಸಾಲುತ್ತಿರಲಿಲ್ಲ, ಅಂಚಿನಲ್ಲೂ ಬರೆಯುವರು. ಆದರೆ ನಮ್ಮ ಊರಿನ ಕ್ರಿಕೆಟ್ ತಂಡದ ಪಂದ್ಯವಿದ್ದ ದಿನ ಮಾತ್ರ ಒಂದೇ ಪದ: ಸೋಲು. ಪ್ರತಿ ಪಂದ್ಯಕ್ಕೂ ಅಷ್ಟೇ.

ಇಷ್ಟು ಆಸೆಪಟ್ಟು ನೋಡುವ ತಂಡದ ಮೇಲೆ ಇವರಿಗೆ ಇಷ್ಟು ಅಪನಂಬಿಕೆಯೇ ಎಂದು ನನಗೆ ಅರ್ಥವಾಗುತ್ತಿರಲಿಲ್ಲ. ತಂಡ ಸೋತ ಮರುದಿನ "ಸರಿಯಾಗೇ ಹೇಳಿದ್ರಿ ಮೇಷ್ಟ್ರೇ" ಎಂದರೆ ಮುಖ ಸಣ್ಣದು ಮಾಡಿಕೊಂಡು ಹೋಗುವರು. ಗೆದ್ದ ಮರುದಿನ "ತಪ್ಪಾಯ್ತಲ್ಲ ಮೇಷ್ಟ್ರೇ" ಎಂದರೆ, "ಆಗ್ಲಿ ಬಿಡಮ್ಮಾ, ಇನ್ನರ್ಧ ಲೋಟ ಕಾಫಿ ಇದ್ಯಾ?" ಎನ್ನುವರು. ನಾನು ಅದನ್ನೆಲ್ಲ ನೋಡಿದೆ. ನೋಡಿಯೂ ಏನೂ ತಿಳಿಯಲಿಲ್ಲ.

ಅವರ ಹೆಂಡತಿಗೆ, ನಾನು ಆಂಟಿ ಎನ್ನುತ್ತಿದ್ದೆ, ಇದೆಲ್ಲ ತಮಾಷೆ. "ಮುನ್ನೂರೈವತ್ತು ಮಕ್ಕಳನ್ನ ಓಡ್ಸಿದ್ದು ಸಾಲ್ದು ಅಂತ ಈಗ ಕ್ಯಾಲೆಂಡರ್ ಓಡಿಸ್ತಾರೆ" ಎಂದು ಮೆಟ್ಟಿಲ ಮೇಲಿಂದಲೇ ಅನ್ನುವರು.

ಐದನೆಯ ವರ್ಷ ಇರಬೇಕು, ಏಪ್ರಿಲಿನಲ್ಲಿ ಮೇಷ್ಟ್ರಿಗೆ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ಹೃದಯದ ಆಪರೇಷನ್ ಎಂದರು. ಆವತ್ತು ಬೆಳಿಗ್ಗೆ ಆಂಟಿ ಸ್ನಾನ ಮಾಡಿ ದೀಪ ಹಚ್ಚಿಹೋಗಲು ಮನೆಗೆ ಬಂದಿದ್ದರು. ಹೊರಡುವಾಗ ನಮ್ಮ ಬಾಗಿಲಲ್ಲಿ ನಿಂತರು. ಕಾಫಿ ಬೇಡ ಎಂದರು. ನೇರ ಕ್ಯಾಲೆಂಡರಿನ ಹತ್ತಿರ ಹೋದರು.

"ಇವತ್ತು ಇವರ ತಂಡದ ಮ್ಯಾಚ್ ಇದ್ಯಂತಲ್ಲ. ಏನು ಬರ್ದಿದಾರೆ, ತಿರುಗ್ಸಿ ನೋಡೇ."

"ದಿನ ಮುಗಿಯೋವರ್ಗೂ ನೋಡಬಾರದು ಅಂತಾರಲ್ಲ ಆಂಟಿ."

"ಒಳಗೆ ಕರ್ಕೊಂಡು ಹೋಗೋದು ಹತ್ತು ಗಂಟೆಗೆ. ನೋಡು. ನನ್ನ ಕನ್ನಡಕ ಆಸ್ಪತ್ರೆ ಬ್ಯಾಗಲ್ಲಿದೆ."

ಸದಾ ನಗುತ್ತಿದ್ದವರು ಆ ದಿನ ನಗಲಿಲ್ಲ. ನಾನು ಹಾಳೆ ಎತ್ತಿದೆ. ಮಸುಕು ಪೆನ್ಸಿಲಿನಲ್ಲಿ ಅದೇ ಪದವಿತ್ತು. ಮೇಷ್ಟ್ರು ಬರೆದದ್ದು ಪಂದ್ಯದ ಬಗ್ಗೆ, ಆಪರೇಷನ್ನಿನ ಬಗ್ಗೆಯಲ್ಲ, ಅದು ನನಗೆ ಗೊತ್ತು. ಆದರೂ ಆ ಪದವನ್ನು ಆಂಟಿಯ ಮುಂದೆ ಓದಲು ಬಾಯಿ ಬರಲಿಲ್ಲ.

"ಗೆಲುವು ಅಂತ ಬರ್ದಿದಾರೆ ಆಂಟಿ" ಎಂದೆ.

ಅವರು ನನ್ನ ಮುಖ ನೋಡಿದರು. "ಗೆಲುವು ಅಂತಲಾ?" ಎಂದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಟೋ ಹತ್ತಿಹೋದರು. ಸಂತೋಷಕ್ಕೆ ಅಳು ಬಂತೇನೋ ಅಂದುಕೊಂಡೆ.

ಆಪರೇಷನ್ ಸರಿಯಾಗಿ ಆಯಿತು. ತಂಡ ಸೋತಿತು.

ಮೂರು ವಾರದ ಮೇಲೆ ಮೇಷ್ಟ್ರು ಗೋಡೆ ಹಿಡಿದು ಒಂದೊಂದೇ ಮೆಟ್ಟಿಲಿಳಿದು ಬಂದರು. ಆ ದಿನದ ಹಾಳೆ ಇದೆಯೇ ಎಂದು ಕೇಳಿದರು. ನಾನು ಅದನ್ನು ಅಡುಗೆ ಪುಸ್ತಕದೊಳಗೆ ಅಡಗಿಸಿಟ್ಟಿದ್ದೆ, ತಂದುಕೊಟ್ಟೆ. ತುಂಬ ಹೊತ್ತು ನೋಡಿದರು.

"ನೀನು ಗೆಲುವು ಅಂತ ಓದಿದ್ಯಂತೆ."

ಅವರು ಜೇಬಿನಿಂದ ಪೆನ್ಸಿಲ್ ತೆಗೆದರು. ಅದರ ತುದಿಯ ರಬ್ಬರಿನಿಂದ ಆ ಪದವನ್ನು ನಿಧಾನ ಉಜ್ಜಿದರು. ಊದಿದರು. ಅದೇ ಜಾಗದಲ್ಲಿ 'ಗೆಲುವು' ಎಂದು ಬರೆದರು. ಒಂದಕ್ಷರವನ್ನೂ ತಿದ್ದಬಾರದೆಂದೇ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದವರು…

"ಅವಳು ಕೇಳಿದ್ರೆ ಇದನ್ನೇ ತೋರ್ಸು. ನೀನು ಸುಳ್ಳಿ ಆಗೋದು ಬೇಡ" ಎಂದರು.

ಮರುದಿನವೇ ಆಂಟಿ ಕನ್ನಡಕ ಹಾಕಿಕೊಂಡು ಬಂದು ನೋಡಿದರು. ಎರಡು ಸಲ ಓದಿ ವಾಪಸ್ ಕೊಟ್ಟರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮೇಷ್ಟ್ರು ಇನ್ನೂ ಮೂರು ವರ್ಷ ಇದ್ದರು, ಮೂರು ವರ್ಷವೂ ಬರೆದರು. ಅವರು ಹೋದ ಮೇಲೆ ಆಂಟಿ ಕೋಣನಕುಂಟೆಯ ತಂಗಿ ಮನೆಗೆ ಹೋದರು. ಹಬ್ಬ ಹುಣ್ಣಿಮೆಗೆ ಫೋನ್ ಮಾಡುತ್ತೇನೆ.

ಇವತ್ತು ಅಡುಗೆ ಪುಸ್ತಕ ತೆಗೆದು ನೋಡಿದರೆ ಹಾಳೆ ಅಲ್ಲಿಯೇ ಇತ್ತು, ಇಂಗಿನ ವಾಸನೆ ಹತ್ತಿಕೊಂಡು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ 'ಗೆಲುವು' ಪದದ ಕೆಳಗೆ ಹಳೆಯ ಪದದ ಗೀರು ಇನ್ನೂ ಕಾಣುತ್ತದೆ. ಆಂಟಿಗೆ ಫೋನ್ ಮಾಡಿದೆ. ಹೊಸ ಕ್ಯಾಲೆಂಡರ್ ಹಾಕಿದೆ, ಮೇಷ್ಟ್ರು ನೆನಪಾದರು ಎಂದೆ. ಅವರು ದನಿ ತಗ್ಗಿಸಿ ಹೇಳಿದರು.

"ಒಂದು ಮಾತು ಯಾರಿಗೂ ಹೇಳಿಲ್ಲ ಕಣೇ. ಅವರಿಗೆ ಯಾವುದು ತುಂಬ ಬೇಕೋ ಅದು ಸೋಲುತ್ತೆ ಅಂತಲೇ ಅನ್ನೋರು. ಸ್ಕೂಲಲ್ಲಿದ್ದಾಗ್ಲೂ ಅಷ್ಟೇ. ಇವತ್ತು ನಮ್ಮ ಹುಡ್ಗೀರು ಖೋ ಖೋದಲ್ಲಿ ಸೋಲ್ತಾರೆ ಅಂತ ಹೋಗೋರು, ಸಾಯಂಕಾಲ ಕಪ್ ಹಿಡ್ಕೊಂಡು ಬರೋರು. ಆಸೆ ಬಾಯ್ಬಿಟ್ಟು ಹೇಳಿದ್ರೆ ಆಗಲ್ಲ ಅಂತ ಅವರ ಲೆಕ್ಕ. ಆವತ್ತು ನೀನು ಗೆಲುವು ಅಂದ್ಯಲ್ಲ… ಆಟೋದಲ್ಲಿ ದಾರಿಯುದ್ದಕ್ಕೂ ಅತ್ತೆ. ಎದೆನೋವು ಮೊದ್ಲೇ ಇತ್ತೇನೋ, ನಮಗೆ ಹೇಳ್ದೆ ಆಸೆ ಬಿಟ್ಬಿಟ್ಟಿದ್ರೇನೋ ಅಂದ್ಕೊಂಡೆ. ಏನೂ ಬೇಡ ಅನ್ಸಿದ್ರೆ ತಾನೇ ಅವರು ಗೆಲುವು ಅಂತ ಬರೆಯೋದು? ಆಮೇಲೆ ಹಾಳೇನೂ ನೋಡಿದ್ನಲ್ಲ. ಯಾಕೆ ಹಾಗೆ ಬರೆದ್ರು ಅಂತ ಇವತ್ತಿಗೂ ತಿಳೀದು."

ಅವರನ್ನು ಸಮಾಧಾನ ಮಾಡಲು ಆಡಿದ ಸುಳ್ಳು ಅವರನ್ನು ಇಷ್ಟು ವರ್ಷ ಕೊರೆದಿತ್ತು. ಮೇಷ್ಟ್ರು ನನ್ನ ಮಾನ ಉಳಿಸಲು ತಿದ್ದಿದ್ದು ಅದನ್ನೇ ಗಟ್ಟಿ ಮಾಡಿತ್ತು. ಹೆಂಡತಿಗೆ ತಮ್ಮ ಗುಟ್ಟು ಗೊತ್ತಿದೆ ಎಂದು ಅವರಿಗೆ ತಿಳಿದಿತ್ತೋ ಇಲ್ಲವೋ… ಈಗ ಯಾರನ್ನು ಕೇಳುವುದು?

"ಆಂಟಿ, ಅವರು ಸೋಲು ಅಂತಲೇ ಬರ್ದಿದ್ರು. ಸುಳ್ಳು ಓದಿದ್ದು ನಾನು. ಅವರು ತಿದ್ದಿದ್ದೂ ನನಗೋಸ್ಕರ."

ಆ ಕಡೆ ಅವರ ತಂಗಿ ಮನೆಯ ಮಿಕ್ಸಿ ಓಡಿ ನಿಂತದ್ದು ಕೇಳಿಸಿತು.

"ಸೋಲು ಅಂತಲೇ ಬರ್ದಿದ್ರಾ?"

"ಹೂಂ ಆಂಟಿ. ಗೀರು ಇನ್ನೂ ಕಾಣ್ಸುತ್ತೆ."

"ಸೋಲು ಅಂತಲೇ…" ಎಂದು ಇನ್ನೊಮ್ಮೆ ಅಂದರು. ನಕ್ಕರೋ ಅತ್ತರೋ ತಿಳಿಯಲಿಲ್ಲ. ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ. ಮೂಗು ಒರೆಸಿಕೊಂಡು, "ಗುರುವಾರ ನನ್ನ ಕಣ್ಣಿಗೆ ಆಪರೇಷನ್ ಕಣೇ. ಹಾಳೆ ಹಿಂದೆ ನೀನೇ ಏನಾದ್ರೂ ಬರಿ. ನಂಗೆ ಓದಿ ಹೇಳ್ಬೇಡ" ಎಂದರು.

ಫೋನಿಟ್ಟು ಪೆನ್ಸಿಲ್ ಹುಡುಕಿದೆ. ಗುರುವಾರದ ಹಾಳೆ ಎತ್ತಿ ನಿಂತೆ. ಬೇಕೆಂದೇ ಬರೆದರೆ ಅದು ಫಲಿಸುವುದೋ ಇಲ್ಲವೋ, ಇದು ಮೇಷ್ಟ್ರ ಕೈಗೆ ಮಾತ್ರ ಒಪ್ಪುವ ಕೆಲಸವೋ ಏನೋ, ಒಂದೂ ಗೊತ್ತಾಗಲಿಲ್ಲ. ಒಲೆಯ ಮೇಲೆ ಅವರೆಕಾಳು ಬೆಂದ ವಾಸನೆ ಬಂತು. ಬೇಗಬೇಗ 'ಸೋಲು' ಎಂದು ಬರೆದು ಹಾಳೆ ಬಿಟ್ಟೆ.

ರಾತ್ರಿ ಹಿತುಕಿದ ಬೇಳೆ ಸಾರು, ಮುದ್ದೆ, ಒಂದೊಂದು ತುತ್ತು ಮೊಸರನ್ನ. ಟಿವಿಯಲ್ಲಿ ಯಾವುದೋ ಹಳೆಯ ಪಂದ್ಯ ಹಾಕಿಕೊಂಡು ನಮ್ಮ ಮನೆಯವರು ಕೂತಲ್ಲೇ ಮೊದಲು ನಿದ್ದೆ ಹೋದರು. ಯಾರು ಗೆದ್ದರೆಂದು ನಾನೂ ನೋಡಲಿಲ್ಲ.