ಕಾಲು ನೆನೆಸದ ಅಪ್ಪ

ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದರೆ ನನಗೆ ಮೊದಲು ಸೀನು ಬರುತ್ತದೆ, ಆಮೇಲೆ ನೆನಪು. ಮೊನ್ನೆ ಗೋಡೆಗೆ ಸುಣ್ಣ ಬಳಿಸಲೆಂದು ನಡುಮನೆಯ ಪಟಗಳನ್ನು ಇಳಿಸುವಾಗ ಅಪ್ಪ ಅವ್ವನ ಪಟ ಕೈಜಾರಿ ಗಾಜು ಒಡೆಯಿತು. ಎಂಬತ್ತರ ಕೈ. ಬಯ್ಯಲು ಮನೆಯಲ್ಲಿ ನನಗಿಂತ ಹಿರಿಯರೂ ಇಲ್ಲ.

ನೋಡಿ, ಅವ್ವನದೆಂದು ನಮ್ಮಲ್ಲಿರುವ ಚಿತ್ರ ಅದೊಂದೇ. ಹಿಂದೆ ಸಮುದ್ರ. ಅವ್ವ ಸೀರೆಯ ನೆರಿಗೆ ಎತ್ತಿ ಹಿಡಿದು ನೊರೆಯಲ್ಲಿ ನಿಂತು ನಗುತ್ತಿದ್ದಾಳೆ. ಅಪ್ಪ ನಾಲ್ಕು ಮಾರು ದೂರದಲ್ಲಿ, ಒಣ ಮರಳಿನ ಮೇಲೆ, ಗಡ್ಡ ಬಿಟ್ಟುಕೊಂಡು, ಕರೆಯದ ಮದುವೆಗೆ ಬಂದವನ ಹಾಗೆ ನಿಂತಿದ್ದಾನೆ. ಚನ್ನರಾಯಪಟ್ಟಣದ ಕೆರೆಗಿಂತ ದೊಡ್ಡ ನೀರು ಕಂಡು ಹೆದರಿದ್ದಾನೆಂದು ಅಣ್ಣನೂ ನಾನೂ ನಕ್ಕಿದ್ದೇ ನಕ್ಕಿದ್ದು.

ನನ್ನನ್ನು ಹೆತ್ತ ಬಾಣಂತನದಲ್ಲೇ ಅವ್ವ ತೀರಿಕೊಂಡಳು. ತಾಯಿಯನ್ನು ನುಂಗಿಕೊಂಡು ಹುಟ್ಟಿದವಳು ಎಂಬ ಮಾತನ್ನು ಜೋಗುಳದ ಜೊತೆಗೇ ಕೇಳಿ ಬೆಳೆದೆ. ಅಪ್ಪನಂತೂ ಅವ್ವನ ಮಾತೆತ್ತಿದರೆ ಟವಲು ಕೊಡವಿ ಅಂಗಡಿಗೆ ಹೊರಟುಬಿಡುತ್ತಿದ್ದ. ಹಾಗಾಗಿ ಆ ಚಿತ್ರ ಯಾವಾಗಿನದು ಎನ್ನುವುದು ನನಗೆ ಬರೀ ಕುತೂಹಲವಾಗಿರಲಿಲ್ಲ. ಅವ್ವನೂ ನಾನೂ ಒಟ್ಟಿಗಿರುವ ಚಿತ್ರ ಲೋಕದಲ್ಲಿ ಒಂದಾದರೂ ಇದೆಯೇ ಎಂದು ತಿಳಿಯಬೇಕಿತ್ತು.

ಗಡ್ಡದ ಗುಟ್ಟು ಬಿಡಿಸಿದವಳು ಅವ್ವನ ತಂಗಿ, ಹೊಳೆನರಸೀಪುರದಲ್ಲಿ ನಮ್ಮನ್ನು ಸಾಕಿದ ಚಿಕ್ಕವ್ವ.

“ಬಸ್ರಿ ಎಂಡ್ತಿ ಗಂಡ ಗಡ್ಡ ತೆಗಿಯಂಗಿಲ್ಲ ಕಣವ್ವ. ಸಮುದ್ರದ ನೀರೂ ಮುಟ್ಟಂಗಿಲ್ಲ, ಮಗಿಗೆ ಆಗ್ಬರಕಿಲ್ಲ. ಊರೋರೆಲ್ಲ ಬಯ್ಕೆಗೆ ಉಣ್ಸೆಕಾಯಿ ಕೇಳುದ್ರೆ ನಿಮ್ಮವ್ವ ಸಮುದ್ರ ನೋಡ್ಬೇಕು ಅಂದ್ಲಂತೆ!”

“ಯಾವ ಬಸುರಲ್ಲಿ ಚಿಕ್ಕವ್ವ? ಅಣ್ಣಂದಾ, ನಂದಾ?”

“ಅದ್ಯಾರಿಗ್ ಗ್ಯಾನ ಐತೆ? ನಾನಾಗ ಅರಕಲಗೂಡ್ನಾಗೆ ಅತ್ತೆ ಕೈಲಿ ನಲುಗ್ತಿದ್ದೆ.”

ಅಣ್ಣ ತಡಮಾಡಲಿಲ್ಲ. “ನಂದೇ ಕಣೆ. ಚೊಚ್ಚಲ ಬಸ್ರಿಗೆ ತಾನೆ ಅಷ್ಟು ಮುದ್ದು?” ಎಂದ. ದೊಡ್ಡವನ ಮಾತೆಂದು ಒಪ್ಪಿಕೊಂಡೆ. ಆದರೂ ಹೊಟ್ಟೆಕಿಚ್ಚು ಹೋಗಲಿಲ್ಲ, ಪಟದ ಕೆಳಗೆ ಹಾಯುವಾಗ ತಲೆ ಎತ್ತುತ್ತಿರಲಿಲ್ಲ.

ಮೊನ್ನೆ ಗಾಜಿನ ಚೂರು ತೆಗೆದು ಚಿತ್ರವನ್ನು ಈಚೆಗೆಳೆದರೆ, ಕಟ್ಟಿನ ಮರದಡಿ ಇಷ್ಟು ವರ್ಷ ಅಡಗಿದ್ದ ಬೆರಳಗಲದ ಅಂಚು ಕಂಡಿತು. ಅಲ್ಲೊಂದು ಬಸ್ಸಿನ ಹಿಂಭಾಗ. ಅದರ ಬೆನ್ನಿಗೆ ಕಟ್ಟಿದ ಉದ್ದನೆಯ ಪೀಪಾಯಿ.

ಅಂಥ ಬಸ್ಸು ನೀವು ನೋಡಿದ್ದೀರೋ ಇಲ್ಲವೋ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಹೊರಡುವ ಮುಂಚೆ ಹಿಂದಿನ ಪೀಪಾಯಿಗೆ ಇದ್ದಲು ತುಂಬಿ, ಬೆಂಕಿ ಹಚ್ಚಿ, ಗಾಳಿ ಊದುವ ಚಕ್ರದ ಹಿಡಿ ತಿರುಗಿಸಬೇಕು. ಏರು ಬಂದರೆ ಎಲ್ಲರೂ ಇಳಿದು ತಳ್ಳಬೇಕು. ಯುದ್ಧ ಮುಗಿದ ಮೇಲೂ ಒಂದೆರಡು ಉಳಿದಿದ್ದವು. ಹಿರೀಸಾವೆಯಲ್ಲಿ ಅಪ್ಪನ ಹೆಗಲ ಮೇಲೆ ಕೂತು ಒಂದನ್ನು ನೋಡಿದ ನೆನಪು, ಕನಸಿನ ಹಾಗೆ, ಹೊಗೆಯೊಳಗೆ ಕೆಂಪಾಗಿ ಉಳಿದಿದೆ.

ಅಣ್ಣ ಹುಟ್ಟಿದ್ದು ಯುದ್ಧಕ್ಕೆ ಮುಂಚೆ. ನಾನು ಹುಟ್ಟಿದ್ದು ಯುದ್ಧದ ನಡುವೆ. ನೆಲಕ್ಕೆಲ್ಲ ಸುಣ್ಣ ಚೆಲ್ಲಿದೆ ಎನ್ನುವುದನ್ನೂ ನೋಡದೆ ಅಲ್ಲೇ ಕೂತುಬಿಟ್ಟೆ.

ಹಾಸನದಲ್ಲಿರುವ ಅಣ್ಣನಿಗೆ ಫೋನು ಮಾಡಿ ಬಸ್ಸಿನ ವಿಷಯ ಹೇಳಿದೆ. “ಅಂಗಾದ್ರೆ ನನ್ನ ಅಜ್ಜಿ ತಾವ ಬಿಟ್ಟು ಓಗವ್ರೆ ಅನ್ನು. ಮೋಸ ಕಣೆ,” ಎಂದ.

ಬಸುರಿಯ ಬಯಕೆ ಒಡಲೊಳಗಿನ ಕೂಸಿನದೇ ಅನ್ನುತ್ತಾರೆ. ಅಂದರೆ ಸಮುದ್ರ ಕೇಳಿದವಳು ನಾನು. ಅಪ್ಪ ಆ ಹೊಗೆ ಬಸ್ಸಿನಲ್ಲಿ ನಮ್ಮಿಬ್ಬರನ್ನೂ ಘಟ್ಟ ಇಳಿಸಿದ್ದಾನೆ. ಅಷ್ಟು ದೂರ ಹೋಗಿ, ಅವ್ವ ನೊರೆಯಲ್ಲಿ ನಿಂತು ನಗುತ್ತಿದ್ದರೂ, ನನಗೆ ಕೇಡಾದೀತೆಂದು ಕಾಲು ಕೂಡ ನೆನೆಸದೆ ನಿಂತಿದ್ದಾನೆ. ನಾವು ಪುಕ್ಕಲ ಎಂದು ನಕ್ಕೆವು.

ಹೊಸ ಕಟ್ಟು ಹಾಕುವವನು ಅಂಚು ಕತ್ತರಿಸಲೇ ಎಂದು ಕೇಳಿದ.

“ಬ್ಯಾಡ ಕಣಪ್ಪ, ಬಸ್ಸು ಕಾಣ್ಬೇಕು.”

“ಇವ್ರಿಬ್ರೂ ಯಾರವ್ವ?”

“ಇಬ್ರಲ್ಲ ಕಣಪ್ಪ, ಮೂರು ಜನ,” ಎಂದೆ. ಅವನು ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದ.