ಮನೆಗೊಂದು ವೋಟು, ಎದುರಿಗೊಂದು ದ್ವೀಪ

ಮನೆಗೆ ಒಂದೇ ವೋಟು ಎಂಬ ನಿಯಮ ಮಾಡಿದವರು ಯಾರು ಎಂದು ನಾನು ಕೇಳಿದ್ದಕ್ಕೆ ಡಲ್ಲಾಸ್ ಅಂಕಲ್ ಹೊಟ್ಟೆ ಹಿಡಿದು ನಕ್ಕರು.

"ಬಂದ್ರಪ್ಪ ಲಾಯರಮ್ಮ! ಟ್ರಿಪ್ಪಿಗೆಲ್ಲ ಹಿಂಗೇ ಅಲ್ವೇನಮ್ಮ ನಾವು ಮಾಡೋದು?"

ಟೆಕ್ಸಾಸಿನ ಕೇಟಿ ಎಂಬ ಊರಿನಲ್ಲಿ ನನ್ನ ಅಕ್ಕನ ಮನೆ. ಅಂಕಲ್ ಮತ್ತು ಆಂಟಿ ಡಲ್ಲಾಸಿನಿಂದ ಬಂದಿದ್ದರು, ನಾನು ಆಸ್ಟಿನ್‌ನಿಂದ ಬಸ್ಸು ಹಿಡಿದು ಬಂದಿದ್ದೆ. ಸ್ಪ್ರಿಂಗ್ ಬ್ರೇಕ್ ರಜೆಗೆ ಸೇಂಟ್ ಥಾಮಸ್ ದ್ವೀಪದಲ್ಲಿ ಮನೆ ಬುಕ್ ಆಗಿತ್ತು. ಅಲ್ಲಿಂದ ಒಂದು ದಿನ ಪಕ್ಕದ ಯಾವ ದ್ವೀಪಕ್ಕೆ ಹೋಗುವುದು ಎಂಬುದಷ್ಟೇ ಬಾಕಿ. ಸೇಂಟ್ ಜಾನ್, ಇಲ್ಲವೇ ವರ್ಜಿನ್ ಗೋರ್ಡಾ. ಎರಡಕ್ಕೂ ದೋಣಿಯಲ್ಲಿ ಹೋಗಿ ಸಂಜೆಗೆ ಮರಳಬಹುದು. ಆದರೆ ಸೇಂಟ್ ಥಾಮಸಿನಂತೆ ಸೇಂಟ್ ಜಾನ್ ಕೂಡ ಅಮೆರಿಕದ್ದು, ವರ್ಜಿನ್ ಗೋರ್ಡಾ ಬ್ರಿಟಿಷರದ್ದು.

ವಾಟ್ಸಾಪ್ ಗುಂಪಿನಲ್ಲಿ ನಡೆದ ವೋಟಿನಲ್ಲಿ ವರ್ಜಿನ್ ಗೋರ್ಡಾ ಗೆದ್ದಿತ್ತು. ಎರಡು ಮನೆ, ಎರಡು ವೋಟು. ಒತ್ತಿದ್ದು ಇಬ್ಬರು ಗಂಡಸರು, ಅಂಕಲ್ ಮತ್ತು ಭಾವ. ನಾನು ಒಂಟಿ ವಿದ್ಯಾರ್ಥಿನಿ, ಮನೆಯ ಲೆಕ್ಕಕ್ಕೇ ಬರುವುದಿಲ್ಲವಂತೆ. ಅಕ್ಕನನ್ನು ಆ ವಾಟ್ಸಾಪ್ ಗುಂಪಿಗೆ ಸೇರಿಸಿಯೇ ಇರಲಿಲ್ಲ.

"ನಿಮಗೆ ಯಾವುದು ಇಷ್ಟ ಆಂಟಿ?" ಎಂದೆ.

"ಅಂಕಲ್ ಹಾಕಿದ್ರಲ್ಲ, ಅದೇ ನಂದೂ."

ಚರ್ಚಾಸ್ಪರ್ಧೆಗಳಲ್ಲಿ ವರ್ಷಗಟ್ಟಲೆ ಪಳಗಿದವಳು ನಾನು. ಎದುರಾಳಿ ವಾದ ಮಾಡಿದರೆ ಉತ್ತರ ಕೊಡಬಲ್ಲೆ. ವಾದವೇ ಇಲ್ಲದವರಿಗೆ ಏನು ಹೇಳುವುದು? ಆದರೂ ಅಸಲು ವಿಷಯ ಎತ್ತಿದೆ. ಅಕ್ಕನ ಪಾಸ್‌ಪೋರ್ಟಿನಲ್ಲಿರುವ ವೀಸಾ ಮುಗಿದಿದೆ. ಭಾವ ಹೋದ ವರ್ಷ ಇಂಡಿಯಾಕ್ಕೆ ಹೋಗಿ ತಮ್ಮ ಪಾಸ್‌ಪೋರ್ಟಿಗೆ ಹೊಸ ವೀಸಾ ಸ್ಟ್ಯಾಂಪಿಂಗ್ ಮಾಡಿಸಿಕೊಂಡು ಬಂದರು. ಮಕ್ಕಳ ಶಾಲೆ ಇದೆಯೆಂದು ಅಕ್ಕ ಇಲ್ಲೇ ಉಳಿದಳು. ಈ ದೇಶದಲ್ಲಿ ಇರುವುದಕ್ಕೆ ಅವಳಿಗೆ ಅಡ್ಡಿಯಿಲ್ಲ. ಒಮ್ಮೆ ಹೊರಗೆ ಕಾಲಿಟ್ಟರೆ ಮಾತ್ರ ಒಳಗೆ ಬರುವಂತಿಲ್ಲ.

"ಅಪ್ರೂವಲ್ ಪೇಪರ್ ಇದ್ಯಲ್ಲ," ಎಂದರು ಭಾವ.

"ಅದು ಇಲ್ಲಿ ಇರೋಕೆ ಭಾವ, ವಾಪಸ್ ಬರೋಕಲ್ಲ."

"ಅರ್ಧ ದಿನದ ಮಾತು ಕಣೆ. ಇಲ್ಲಿನ ಗ್ಯಾಲ್ವೆಸ್ಟನ್ ಫೆರ್ರಿ ದೋಣಿ ಥರ, ಹಿಂಗೆ ಹೋಗಿ ಹಂಗೆ ಬರೋದು."

ಕಂಪ್ಯೂಟರ್ ಕೋಡಿನಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಹಿಡಿಯುವ ಮನುಷ್ಯ, ಹೆಂಡತಿ ಸಮುದ್ರದಾಚೆ ಸಿಕ್ಕಿಹಾಕಿಕೊಳ್ಳುವುದನ್ನು ಫೆರ್ರಿಗೆ ಹೋಲಿಸಿದರು! ವಲಸೆ ಇಲಾಖೆಯ ಪುಟವನ್ನು ಫೋನಿನಲ್ಲಿ ತೆರೆದು ಅವರ ಮೂಗಿನ ಕೆಳಗೆ ಹಿಡಿದೆ. ಓದಿದರು. ಓದಿದ ಮೇಲೆ ದ್ವೀಪ ಬದಲಾಗಬೇಕಿತ್ತು. ಬದಲಾದದ್ದು ಅಕ್ಕನ ಕಾರ್ಯಕ್ರಮ.

"ಹಂಗಾದ್ರೆ ನೀನು ಮಕ್ಕಳ ಜೊತೆ ಅಲ್ಲೇ ಬೀಚಲ್ಲಿ ಇದ್ಬಿಡು. ನಾವು ಸಂಜೆ ಬಂದ್ಬಿಡ್ತೀವಿ," ಎಂದು ಅಡುಗೆಮನೆಯ ಕಡೆಗೆ ಕೂಗಿದರು.

ನನಗೆ ಮೈಯೆಲ್ಲ ಉರಿಯಿತು. ಮದುವೆಯಾಗಿ ಬಂದಾಗಿನಿಂದ ಅಕ್ಕ ಸಮುದ್ರ ನೋಡುವುದೆಂದರೆ ಮಕ್ಕಳ ಟವೆಲ್ ಕಾಯುವುದು ಎಂದೇ ಆಗಿದೆ. ಇಡೀ ಟೆಕ್ಸಾಸಿನಲ್ಲಿ ಈ ಟ್ರಿಪ್ಪಿನ ಬಗ್ಗೆ ಆಸೆಯಿಂದ ಓದಿದವಳು ಅವಳೊಬ್ಬಳೇ. ಸೇಂಟ್ ಜಾನಿನ ಕಾಡುದಾರಿಗಳು, ಹಳೆಯ ಸಕ್ಕರೆ ಗಾಣದ ಗೋಡೆಗಳು, ಎಲ್ಲ ಅವಳ ಬಾಯಲ್ಲಿದ್ದವು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಸೌಟು ಹಿಡಿದೇ ಹೊರಬಂದಳು.

"ಮಕ್ಕಳಿಗೆ ಅಮೆರಿಕನ್ ಪಾಸ್‌ಪೋರ್ಟ್ ಇದೆ ಅಲ್ವಾ ರೀ? ಅವರಿಗೇನು ತೊಂದ್ರೆ ಇಲ್ಲ. ಕರ್ಕೊಂಡು ಹೋಗಿ. ನಾನು ಸೇಂಟ್ ಜಾನಿಗೆ ಹೋಗ್ತೀನಿ."

"ಒಬ್ಳೇನಾ?"

"ಒಬ್ಳೇ."

ಅಂಕಲ್ ಕೆಮ್ಮಿದರು. ಇಬ್ಬರು ಮಕ್ಕಳು, ಅಲೆಯ ಮೇಲಿನ ದೋಣಿ, ವಾಂತಿ, ಒದ್ದೆ ಬಟ್ಟೆ, ಎಲ್ಲವೂ ಗಂಡಸರಿಬ್ಬರ ಮುಖಗಳಲ್ಲಿ ಹಾದುಹೋದವು.

"ಇಲ್ಲ ಬಿಡಮ್ಮ, ಎಲ್ರೂ ಸೇಂಟ್ ಜಾನಿಗೇ ಹೋಗೋಣ. ಒಟ್ಟಿಗಿದ್ರೆ ಚೆಂದ."

ನೋಡಿ ಇವರ ನ್ಯಾಯ! ಅವಳ ಹಕ್ಕಿಗೆ ಅಲ್ಲಾಡದ ದ್ವೀಪ ಇವರ ಸೋಮಾರಿತನಕ್ಕೆ ಜಾಗ ಬಿಟ್ಟು ಕದಲಿತು. ಅದನ್ನೇ ಹೇಳಹೊರಟೆ. ಅಕ್ಕ ನನ್ನನ್ನೂ ತಡೆದಳು.

"ಬೇಡ ಅಂಕಲ್. ನಿಮಗಿಷ್ಟವಾದದ್ದು ನೀವು ನೋಡ್ಬನ್ನಿ, ನನಗಿಷ್ಟವಾದದ್ದು ನಾನು."

"ನಾನು ನಿನ್ನ ಜೊತೆ ಬರ್ತೀನಿ ಕಣೆ," ಎಂದೆ.

"ನೀನು ಬಂದ್ರೆ ಅಲ್ಲೂ ಯಾರ ಜೊತೆನಾದ್ರೂ ಜಗಳ ತೆಗೀತೀಯ. ನನಗೆ ಸುಮ್ನೆ ಇರ್ಬೇಕು."

ಹಾಗಾಗಿ ಮಾರ್ಚಿನಲ್ಲಿ ಸೇಂಟ್ ಥಾಮಸಿಗೆ ಹೋದಾಗ ಆ ದಿನ ಬೆಳಗ್ಗೆ ನಾನು ಗಂಡಸರ ದೋಣಿ ಹತ್ತಿದೆ. ಭಾವ ಮಕ್ಕಳ ಚೀಲವನ್ನು ನನ್ನ ಕಡೆ ಚಾಚಿದರು. ಹಿಡಿಯಲಿಲ್ಲ. ಚಿಕ್ಕವಳು ಹೋಗುವಾಗಲೂ ಬರುವಾಗಲೂ ಅವರ ಅಂಗಿಯ ಮೇಲೆಯೇ ವಾಂತಿ ಮಾಡಿದಳು. ವರ್ಜಿನ್ ಗೋರ್ಡಾದ ಬಂಡೆಗಳು ಸೊಗಸಾಗಿದ್ದವು, ಒಪ್ಪುತ್ತೇನೆ.

ಸಂಜೆ ನಾವು ದ್ವೀಪದ ಬಾಡಿಗೆ ಮನೆಗೆ ಬಂದಾಗ ಅಕ್ಕ ಆಗ ತಾನೇ ಬಂದು ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುತ್ತಿದ್ದಳು. ಮುಖ ಬಿಸಿಲಿಗೆ ಕೆಂಪಾಗಿತ್ತು. ಹೇಗಿತ್ತು ಎಂದು ಯಾರೂ ಕೇಳಲಿಲ್ಲ.

"ಅನ್ನಕ್ಕೆ ಇಟ್ಟಿದ್ದೀಯಾ?" ಎಂದರು ಭಾವ.

ನಾನು ಉಸಿರೆಳೆದುಕೊಂಡೆ. ಅಕ್ಕ ತಲೆಯೆತ್ತಲಿಲ್ಲ.

"ಕುಕ್ಕರ್ ಕಿಚನ್ನಲ್ಲಿದೆ ನೋಡಿ. ನೀರು ಎರಡರಷ್ಟು ಹಾಕಿ," ಎಂದು ಇನ್ನೊಂದು ಬೂಟನ್ನು ತಲೆಕೆಳಗು ಮಾಡಿ ಮರಳು ಕೊಡವಿದಳು.