ನಲವತ್ನಾಲ್ಕು ಬಡಿತ

ಬೆಳಗಿನ ಜಾವ ಐದು ಗಂಟೆ. ಕಿತ್ತೂರು ಸಮೀಪದ ದೇಗಾಂವದ ಮನೆಯೊಂದರ ಗೋಡೆಗೆ ಸೈಕಲ್ ಒರಗಿಸಿದ ತಂಗೆವ್ವ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಜನವರಿಯ ಚಳಿ, ತಣ್ಣನೆಯ ಬೆರಳು ತಾಗಿದರೆ ಮಲಗಿದವರ ನಾಡಿ ಬೆಚ್ಚಿಬೀಳುತ್ತದಂತೆ. ಒಳಗೆ ಕೌದಿ ಹೊದ್ದ ಸಾವಂತ್ರೆವ್ವ ಎಚ್ಚರವಾಗಿದ್ದರೂ ಎದ್ದಿಲ್ಲ.

“ಹಂಗ ಮಲಕೋ ಮಗಳ. ಕಾಲು ನೆಲಕ್ಕ ಇಟ್ಟೆಂದ್ರ ಲೆಕ್ಕ ಕೆಡತೈತಿ.”

ತಂಗೆವ್ವ ಮಣಿಕಟ್ಟು ಹಿಡಿದು, ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸುತ್ತಾರೆ. ಕೊಟ್ಟಿಗೆಯಲ್ಲಿ ಎಮ್ಮೆ ಒದರುತ್ತಿದೆ. ಸೊಸೆ ಎದ್ದುಬಿಟ್ಟಾಳೆಂದು ಅತ್ತೆ ಗುರವ್ವ ಕಂದೀಲು ಹಿಡಿದು ಕಾವಲಿಗೆ ನಿಂತಿದ್ದಾರೆ. ಐವತ್ತೆರಡು. ಗೋಡೆಯ ಹಳೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಆ ಅಂಕಿ ಬೀಳುತ್ತದೆ.

ಐವತ್ತೇಳರ ತಂಗೆವ್ವ ಆರೋಗ್ಯ ಇಲಾಖೆಯ ನರ್ಸಬಾಯಿ. ಮೂವತ್ತು ವರ್ಷದಿಂದ ಹೆರಿಗೆ, ಲಸಿಕೆ, ಜ್ವರ ಎಂದು ಓಣಿ ಓಣಿ ತಿರುಗಿದವರು. ದಿನಕ್ಕೆ ಹನ್ನೊಂದು ಕಿಲೋಮೀಟರು ಸೈಕಲ್, ನಲವತ್ತು ಮನೆ. ಆದರೆ ದೂರ ಓಡುವ ಐವರು ಹೆಣ್ಣುಮಕ್ಕಳ ನಾಡಿಯನ್ನು ಹಾಸಿಗೆಯಲ್ಲೇ ಹಿಡಿಯುವ ಈ ಕೆಲಸವನ್ನು ಅವರಿಗೆ ಯಾರೂ ಹಚ್ಚಿಲ್ಲ. ಇದು ಅವರು ತಾವೇ ತಿದ್ದಿಕೊಳ್ಳುತ್ತಿರುವ ಹಳೆಯ ತಪ್ಪು.

ಅದು ಹನ್ನೆರಡು ವರ್ಷದ ಹಿಂದಿನ, 1993ರ ಮಾತು. ಆಗ ರಾಮದುರ್ಗ ಕಡೆಯ ಹಳ್ಳಿಯೊಂದರಲ್ಲಿ ಅವರ ನೌಕರಿ. ದಿನಾ ಏಳು ಕಿಲೋಮೀಟರು ಓಡಿಕೊಂಡೇ ಶಾಲೆಗೆ ಹೋಗುತ್ತಿದ್ದ ಹದಿನಾರರ ಹುಡುಗಿಯೊಬ್ಬಳು ಓಟದಲ್ಲಿ ತಾಲ್ಲೂಕಿಗೇ ಮೊದಲು ಬಂದಿದ್ದಳು. ಜಿಲ್ಲೆಯ ಓಟಕ್ಕೆ ಆರೋಗ್ಯದ ಚೀಟಿ ಬೇಕಿತ್ತು. ತಂಗೆವ್ವ ಕೈ ಹಿಡಿದರು, ನಾಡಿ ನಲವತ್ನಾಲ್ಕು. ಮೂರು ಸಲ ಎಣಿಸಿದರೂ ಅಷ್ಟೇ. ಅವರು ಕಲಿತ ಪುಸ್ತಕದಲ್ಲಿದ್ದುದು ಎಪ್ಪತ್ತೆರಡು. ಡಾಕ್ಟರರಿಗೂ ತೋರಿಸದೆ ‘ಹೃದಯ ದುರ್ಬಲ, ಓಡಬಾರದು’ ಎಂದು ಬರೆದುಕೊಟ್ಟರು.

“ನನ್ನದು ಬರೇ ಪುಸ್ತಕದ ಬದನಿಕಾಯಿ ಆತ್ರಿ,” ಎನ್ನುತ್ತಾರೆ ತಂಗೆವ್ವ. ಆರು ವರ್ಷದ ಮೇಲೆ ಬೆಳಗಾವಿಯ ತರಬೇತಿಯಲ್ಲಿ ಹೃದಯದ ಡಾಕ್ಟರೊಬ್ಬರು ಮಾತಿನ ನಡುವೆ, ದೂರ ಓಡುವವರ ನಾಡಿ ನಿಧಾನವಿರುವುದು ಸಹಜ ಎಂದಾಗ ಇವರಿಗೆ ಆ ಹುಡುಗಿಯ ನಲವತ್ನಾಲ್ಕು ನೆನಪಾಯಿತು. “ಬಲ ಇದ್ದಾಕಿ ಒಂದ ಸಲಕ್ಕ ದೊಡ್ಡ ಕೊಡ ತರ್ತಾಳ. ಇಲ್ಲದಾಕಿ ತಂಬಿಗಿ ಹಿಡಕೊಂಡು ಹತ್ತ ಸಲ ಓಡ್ಯಾಡತಾಳ. ಗುಂಡಿಗೀನೂ ಹಂಗ. ತಲಿ ತಿರುಗಿದ್ರ, ಎಚ್ಚರ ತಪ್ಪಿದ್ರ ಅದು ಬ್ಯಾರೆ ಮಾತು. ಆ ಹುಡುಗಿಗೆ ಅದ್ಯಾವುದೂ ಇರಲಿಲ್ಲ.”

ವರ್ಗವಾಗಿ ದೇಗಾಂವಕ್ಕೆ ಬಂದ ಮೇಲೆ ಒಂದು ಗುರುವಾರ, ಕೂಸಿಗೆ ಲಸಿಕೆ ಹಾಕಿಸಲು ಬಂದ ತಾಯಿಯೊಬ್ಬಳು ಇವರನ್ನೇ ದಿಟ್ಟಿಸಿ ಕೇಳಿದಳು: “ಬಾಯಾರ, ಗುರ್ತ ಸಿಗಲಿಲ್ಲೇನ್ರಿ? ಹಾರ್ಟ್ ವೀಕ್ ಐತಿ ಅಂದಿದ್ರಲ್ಲ, ಅದ ಸಾವಂತ್ರೆವ್ವರಿ ನಾ.” ಅವಳು ಒಂಬತ್ತು ವರ್ಷ ಹೆದರಿಕೊಂಡೇ ಬಾಳಿದ್ದಳು. ತುಂಬಿದ ಕೊಡ ಎತ್ತುತ್ತಿರಲಿಲ್ಲ. ಎರಡು ಹೆರಿಗೆಗೂ ಸಾಯಲೆಂದೇ ಹೋದವಳ ಹಾಗೆ ಹೋಗಿದ್ದಳು. ಆ ಚೀಟಿಯನ್ನು ಮಡಚಿ ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದಳು.

ತಂಗೆವ್ವ ಅವತ್ತೇ ಅವಳ ಮನೆಗೆ ಹೋಗಿ, ಅತ್ತೆಯ ಎದುರಿಗೇ ತಪ್ಪೊಪ್ಪಿಕೊಂಡರು. ಈ ಸಲ ಅವಸರ ಮಾಡಲಿಲ್ಲ. ಧಾರವಾಡಕ್ಕೆ ಕರೆದೊಯ್ದು ಇಸಿಜಿ ತೆಗೆಸಿದರು, ಹೃದಯ ಗಟ್ಟಿಮುಟ್ಟಾಗಿತ್ತು. ಆದರೆ ಮೈಯಲ್ಲಿ ರಕ್ತ ಕಡಿಮೆ, ನಾಡಿ ಎಪ್ಪತ್ತೆಂಟು. ಕಬ್ಬಿಣದ ಗುಳಿಗೆ, ಶೇಂಗಾ, ಬೆಲ್ಲ, ಮೊದಲ ಮೂರು ತಿಂಗಳು ಬರೀ ನಡಿಗೆ. ಆಮೇಲೆ ಓಟ. ಸೀರೆ ಉಟ್ಟ ಸೊಸೆ ಕಬ್ಬಿನ ಗದ್ದೆಯ ದಾರಿಯಲ್ಲಿ ಓಡಿದಾಗ ಊರು ನಕ್ಕಿತು. “ನಗೂ ಹಲ್ಲಿಗೆ ನಾ ಹೆದರೂದಿಲ್ಲ. ನನ್ನ ಸೊಸಿ ಈಗ ಎರಡ ಕೊಡ ಹೊತಗೊಂಡ ಬರ್ತಾಳ,” ಎನ್ನುತ್ತಾರೆ ಗುರವ್ವ. ಈಗ ಅವಳ ಹಿಂದೆ ಶಾಲೆಯ ನಾಲ್ವರು ಹುಡುಗಿಯರೂ ಓಡುತ್ತಾರೆ. ಯಾರದಾದರೂ ಮುಂಜಾನೆಯ ನಾಡಿ ಎಂಟು ಹತ್ತು ಏರಿದರೆ ತಂಗೆವ್ವ ರಕ್ತ ಕಡಿಮೆಯಾಯಿತೇ ಎಂದು ಕಣ್ಣರೆಪ್ಪೆ ಬಿಡಿಸಿ ನೋಡಿ, ಅವತ್ತು ಓಟ ಬಿಡಿಸಿ, ಡಾಕ್ಟರರಿಗೆ ಚೀಟಿ ಬರೆಯುತ್ತಾರೆ.

ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗಿಳಿಯುವ ಮೊದಲೇ ಸಾವಂತ್ರೆವ್ವ ಹತ್ತು ಕಿಲೋಮೀಟರು ಮುಗಿಸಿ ಬರುತ್ತಾಳೆ. ಕೆನ್ನೆ ಕೆಂಪಾಗಿದೆ, ಮುಖದ ತುಂಬ ನಗು. ಆ ಹಳೆಯ ಚೀಟಿ ಹರಿದು ಹಾಕೆಂದು ತಂಗೆವ್ವ ಎಷ್ಟೋ ಸಲ ಹೇಳಿದ್ದಾರೆ. ಅವಳು ಕೇಳುವುದಿಲ್ಲ. “ಅದ ನಂಬರ್ ತಿರುಗಿ ಬರಲಿ. ಬಂದ ದಿನ ಅದ ಚೀಟಿ ಕೆಳಗ ನಿಮ್ಮ ಕೈಲೆ ಬರೀರಿ,” ಎಂದು ಷರತ್ತು ಹಾಕಿದ್ದಾಳೆ.

ಮೇ ತಿಂಗಳಿಗೆ ಐವತ್ತೆಂಟು ತುಂಬಿ ತಂಗೆವ್ವ ನಿವೃತ್ತರಾಗುತ್ತಾರೆ. ನಾಲ್ಕು ತಿಂಗಳು, ಎಂಟು ಬಡಿತ. ಅಷ್ಟು ಇಳಿಯಲೇಬೇಕೆಂಬ ನಿಯಮವೇನಿಲ್ಲ, ಐವತ್ತೆರಡೂ ಒಳ್ಳೆಯ ನಾಡಿಯೇ ಎಂದು ಅವರಿಗೆ ಗೊತ್ತು. ಆದರೂ ಸೈಕಲ್ ಹತ್ತುವ ಮುನ್ನ ಜೇಬಿನ ಪೆನ್ನು ಮುಟ್ಟಿ ನೋಡಿಕೊಳ್ಳುತ್ತಾರೆ.

“ಏನ ಬರೀಬೇಕಂತ ದಿನಾ ಮನಸಿನ್ಯಾಗ ಬರಕೋತ ಬರತೇನ್ರಿ. ‘ನಾಡಿ ನಲವತ್ನಾಲ್ಕು. ಓಡಲಿ.’ ಅಷ್ಟ.”